ತಂಗಂಗೆ ಕುಡಿಸಿದ ಡಿಕಾಕ್ಷನ್

ಸೆಲ್ವಿಯ ಬೆಕ್ಕನ್ನು ಕೊಂದದ್ದು ಡಾಕ್ಟರಮ್ಮ ಅಲ್ಲ, ನಾನು. ಮೂರು ವರ್ಷದಿಂದ ಈ ಮಾತು ಗಂಟಲಲ್ಲೇ ಇತ್ತು. ಬಂಗಾರಪೇಟೆಯ ಸ್ಟೇಷನ್ ಹತ್ತಿರದ ಬೀದಿಯಲ್ಲಿ ಕಾಫಿಪುಡಿ ಅಂಗಡಿ ಇಟ್ಟವನು ನಾನು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಬೀಜ ಹುರಿದು, ಚಿಕೋರಿ ಬೆರೆಸಿ, ಬಿಸಿ ಪುಡಿ ಕಟ್ಟಿಕೊಟ್ಟವನು. ಅದರ ಜೊತೆಗೇ ಒಂದು ಸುಳ್ಳನ್ನೂ ಕಟ್ಟಿಕೊಟ್ಟೆ — ಆ ಡಾಕ್ಟರಮ್ಮನಿಗೆ ಕೈಗುಣ ಇಲ್ಲ, ಅರಿವಳಿಕೆ ಜಾಸ್ತಿ ಚುಚ್ಚಿ ಬೆಕ್ಕನ್ನು ಸಾಯಿಸಿದಳು ಅಂತ. ನೀವು ನಂಬಿದಿರಿ. ಒಬ್ಬರಾದರೂ ತಿರುಗಿ ಒಂದು ಪ್ರಶ್ನೆ ಕೇಳಲಿಲ್ಲವಲ್ಲ ಎಂದು ಒಮ್ಮೊಮ್ಮೆ ನಿಮ್ಮ ಮೇಲೂ ಸಿಟ್ಟು ಬರುತ್ತದೆ. ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ, ಗೊತ್ತು.

ಸೆಲ್ವಿ ಕೋರಮಂಡಲ್‌ನ ಹಳೆಯ ಚಿನ್ನದ ಗಣಿ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವವಳು. ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಸಂಜೆ ರೈಲಿಗೆ ಬರುತ್ತಾಳೆ. ನನ್ನ ಅಂಗಡಿಯ ಹಳೆಯ ಗಿರಾಕಿ. ಬಾಯ್ತುಂಬ ಅಣ್ಣಾ ಅನ್ನುತ್ತಿದ್ದಳು. ಅವಳು ಸಾಕಿದ ಹಳದಿ ಬೆಕ್ಕಿನ ಹೆಸರು ತಂಗಂ, ಅಂದರೆ ತಮಿಳಿನಲ್ಲಿ ಚಿನ್ನ. ಗಣಿ ಮುಚ್ಚಿದ ಮೇಲೆ ನಮ್ಮೂರಲ್ಲಿ ಉಳಿದಿರೋ ಚಿನ್ನ ಇದೊಂದೇ ಎಂದು ನಗುತ್ತಿದ್ದಳು. ಸಂಜೆ ರೈಲಿನ ಸದ್ದು ಕೇಳಿದರೆ ಅದು ಬಾಗಿಲಿಗೆ ಬಂದು ಕೂರುತ್ತಿತ್ತಂತೆ.

ತಂಗಂಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕೆಂದು ಒಂದು ದಿನ ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ಬಂದಳು. ನಮ್ಮ ಬೀದಿಯಲ್ಲೇ, ನನ್ನ ಅಂಗಡಿಯಿಂದ ಎಂಟು ಬಾಗಿಲು ಆಚೆ, ಒಬ್ಬ ಡಾಕ್ಟರಮ್ಮ ಆಗಷ್ಟೇ ಪ್ರಾಣಿಗಳ ಸಣ್ಣ ಆಸ್ಪತ್ರೆ ತೆರೆದಿದ್ದರು. ಬೆಳಿಗ್ಗೆಯೇ ಆಪರೇಷನ್ ಆಯಿತು. ಸೆಲ್ವಿಗೆ ಸಿಕ್ಕಿದ್ದು ಅರ್ಧ ದಿನದ ರಜ. ಬುಟ್ಟಿಯನ್ನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟಳು.

"ಅಣ್ಣಾ, ಸಾಯಂಕಾಲ ರೈಲಿಂದ ಇಳಿದು ಎತ್ಕೊಂಡೋಯ್ತೀನಿ. ಅಲ್ಲೀಗಂಟ ನೀರೂ ಕೊಡ್ಬ್ಯಾಡಿ ಅಂದವ್ರೆ ಡಾಕ್ಟ್ರಮ್ಮ. ನಿದ್ದೆ ಮಾಡ್ತಾ ಇರ್ತದೆ, ಮಾಡ್ಲಿ ಬಿಡಿ."

"ನೀನು ಓಗಮ್ಮ, ನಾನಿಲ್ವಾ?" ಅಂದೆ.

ನಾನಿದ್ದೆ. ನಾನಿದ್ದದ್ದೇ ಆ ಪ್ರಾಣಿಗೆ ಮುಳುವಾಯಿತು.

ನನ್ನ ಹುಟ್ಟೂರು ಕ್ಯಾಸಂಬಳ್ಳಿ ಕಡೆ. ನಮ್ಮಲ್ಲಿ ಹಾವು ಕಚ್ಚಿದವರಿಗೆ, ತಲೆ ತಿರುಗಿ ಬಿದ್ದವರಿಗೆ ಹಾಲಿಲ್ಲದ ಗಟ್ಟಿ ಕಾಫಿ ಕುಡಿಸಿ, ಕೆನ್ನೆ ತಟ್ಟುತ್ತಾ ಕೂರಿಸುವುದು ವಾಡಿಕೆ. ನಿದ್ದೆ ಹೋದರೆ ಪ್ರಾಣವೇ ಹೋದಂತೆ ಎಂಬ ನಂಬಿಕೆ. ರಾಗಿ ಹೊಲದಲ್ಲಿ ಅಪ್ಪನಿಗೆ ಹಾವು ಕಚ್ಚಿದಾಗ ಅಜ್ಜಿ ಚೊಂಬುಗಟ್ಟಲೆ ಕುಡಿಸಿದ್ದಳು, ಅಪ್ಪ ಉಳಿದ. ಕಚ್ಚಿದ್ದು ಕೇರೆಹಾವೇ ಇರಬೇಕು. ಆದರೆ ಆ ಕಥೆಯನ್ನು ನಾನು ಗಲ್ಲಾದ ಮುಂದೆ ಕೂತು ಎಷ್ಟು ಸಲ ಹೇಳಿದೆನೋ! ನೆಗಡಿಗೂ ಕಾಫಿ, ತಲೆನೋವಿಗೂ ಕಾಫಿ, ವಿಷಕ್ಕೂ ಕಾಫಿ. ಮಾರುವವನು ನಾನೇ, ವೈದ್ಯನೂ ನಾನೇ. ಇಂಥ ಬಾಯಿಬಡುಕತನಕ್ಕೆ ಏನನ್ನಬೇಕು?

ಮಧ್ಯಾಹ್ನ ಹೋಗಿ ನೋಡಿದೆ. ತಂಗಂ ಕಣ್ಣು ಅರ್ಧ ತೆರೆದೇ ಮಲಗಿತ್ತು, ನಾಲಿಗೆಯ ತುದಿ ಹೊರಗೆ, ಕಿವಿ ತಣ್ಣಗೆ. ಮತ್ತಿನಲ್ಲಿದ್ದಾಗ ಬೆಕ್ಕು ಹಾಗೆಯೇ ಇರುತ್ತದಂತೆ. ಡಾಕ್ಟರಮ್ಮ ಅದನ್ನೇ ಹೇಳಿ ಕಳಿಸಿದ್ದರು, ಸೆಲ್ವಿ ನನಗೆ ಅದನ್ನೇ ಹೇಳಿ ಹೋಗಿದ್ದಳು. ಆದರೆ ನನಗೆ ಎಲ್ಲ ಗೊತ್ತಲ್ಲ! ಫಿಲ್ಟರಿನಿಂದ ಆಗತಾನೇ ಇಳಿದ ಮೊದಲ ಡಿಕಾಕ್ಷನ್ ಆರಿಸಿ, ಮಕ್ಕಳಿಗೆ ಔಷಧಿ ಹಾಕುವ ಫಿಲ್ಲರಿನಲ್ಲಿ ತುಂಬಿ, ಬಾಯಿಯ ಮೂಲೆಯಿಂದ ಹಿಂಡಿದೆ. ನುಂಗಿತು. ಕಿವಿ ಅಲ್ಲಾಡಿಸಿತು. ಅಬ್ಬ, ಎಂಥ ಹೆಮ್ಮೆ ನನಗೆ! ಇನ್ನೊಂದು ಸಲ, ಮತ್ತೊಂದು ಸಲ — ಲೋಟ ಖಾಲಿಯಾಗುವವರೆಗೂ.

ಸ್ವಲ್ಪ ಹೊತ್ತಿಗೆ ಎದ್ದಿತು. ಎದ್ದದ್ದು ಕೂರಲಿಲ್ಲ. ತೂರಾಡುತ್ತಾ ಗೋಡೆಯಿಂದ ಗೋಡೆಗೆ ತಿರುಗಿತು, ಜೊಲ್ಲು ಸುರಿಸಿತು, ಬಾಯಿ ತೆರೆದು ಏದುಸಿರು ಬಿಟ್ಟಿತು. ಎದೆಯ ಮೇಲೆ ಕೈ ಇಟ್ಟರೆ ನನ್ನ ಪುಡಿ ಮಾಡುವ ಮೆಷಿನ್ನಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ನಡುಕ, ಆಮೇಲೆ ಕಾಲು ಸೆಟೆದುಕೊಂಡವು.

ಇಲ್ಲಿ ಕೇಳಿ. ಕಾಫಿ ಕುಡಿಸಿದ್ದನ್ನು ನೀವು ದಡ್ಡತನ ಅನ್ನಬಹುದು. ಎಂಟೇ ಬಾಗಿಲು ಆಚೆ ಡಾಕ್ಟರಮ್ಮ ಇದ್ದರು. ಬುಟ್ಟಿ ಎತ್ತಿಕೊಂಡು ಓಡಿದ್ದರೆ — ಓಡಲಿಲ್ಲ. ಏನು ಕೊಟ್ಟಿರಿ ಎಂದು ಕೇಳುತ್ತಾರಲ್ಲ! ಆ ಒಂದು ಪ್ರಶ್ನೆಗೆ ಹೆದರಿ, ಶಟರ್ ಅರ್ಧ ಎಳೆದು, ಜೀವ ಹೋಗುವವರೆಗೂ ನೋಡುತ್ತಾ ನಿಂತೆ. ಇದನ್ನು ದಡ್ಡತನ ಅನ್ನಬೇಡಿ. ಆಮೇಲೆ ಲೋಟ ತೊಳೆದೆ, ಫಿಲ್ಲರ್ ತೊಳೆದೆ, ತಂಗಂನ ಗಲ್ಲದ ಕೂದಲಿಗೆ ಅಂಟಿದ್ದ ಕಂದು ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ.

ಸಂಜೆ ಸೆಲ್ವಿ ಬಂದಳು. ಬುಟ್ಟಿಯ ಮುಂದೆ ಕುಕ್ಕರಿಸಿ, "ಅಯ್ಯೋ ಕಡವುಳೇ, ಬೆಳಿಗ್ಗೆ ಉಸ್ರಾಡ್ತಿತ್ತಲ್ಲಣ್ಣಾ" ಅಂದಳು.

ನಾನು ಹೇಳಿದ್ದು ಇದು, ಒಂದಕ್ಷರ ಮುಚ್ಚಿಡದೆ ಬರೆಯುತ್ತೇನೆ: "ಕಣ್ಣೇ ಬಿಡ್ಲಿಲ್ಲ ಕಣಮ್ಮ. ಇಂಜೆಕ್ಷನ್ ಜಾಸ್ತಿ ಕೊಟ್ಟವ್ರೆ. ಒಂದ್ ಗುಟುಕು ಗಟ್ಟಿ ಕಾಫಿ ಕುಡಿಸಿದ್ರೆ ಉಳ್ಕೊಂತಿತ್ತು. ಏನ್ಮಾಡ್ಲಿ, ಕೊಡ್ಬ್ಯಾಡಿ ಅಂದಿದ್ದೆ ನೀನು."

ತಪ್ಪನ್ನು ಡಾಕ್ಟರಮ್ಮನ ಮೇಲೆ ಹಾಕಿದ್ದು ಸಾಲದು ಎಂದು ಅವಳ ಮೇಲೂ ಹಾಕಿದೆ. ಕೊಂದ ವಿಷವನ್ನೇ ಔಷಧಿ ಎಂದೆ.

ಅವಳ ಜೊತೆ ಆಸ್ಪತ್ರೆಗೂ ಹೋದೆ, ನ್ಯಾಯ ಕೇಳುವ ದೊಡ್ಡಮನುಷ್ಯನ ಹಾಗೆ. ಜನ ಸೇರಿದರು. ಡಾಕ್ಟರಮ್ಮ ತಂಗಂನ ಬಾಯಿ ಬಿಡಿಸಿ ನೋಡಿ ನನ್ನನ್ನು ಕೇಳಿದರು: "ಏನಾದರೂ ಕುಡಿಸಿದಿರಾ? ನಿಜ ಹೇಳಿ, ನಾನು ಬೈಯಲ್ಲ."

"ಇಲ್ಲ ಮೇಡಂ. ನೀರೂ ಇಲ್ಲ."

ಅಷ್ಟು ಸಾಕಾಯಿತು. ಬೆಕ್ಕು ಸಾಯಿಸೋ ಡಾಕ್ಟರ್ ಎಂಬ ಹೆಸರು ವಾರದೊಳಗೆ ಸಂತೆ ತಲುಪಿತು. ಅವರ ಬಾಗಿಲಿನ ಬೆಂಚಿನಲ್ಲಿ ನಾಯಿ, ಬೆಕ್ಕು, ಮೇಕೆಮರಿ ಹಿಡಿದು ಕೂರುತ್ತಿದ್ದವರು ಒಬ್ಬೊಬ್ಬರೇ ಕಡಿಮೆಯಾದರು. ಆಕೆ ಕಾಫಿಪುಡಿಯ ಅಂಗಡಿ ಬದಲಿಸಲಿಲ್ಲ. ತಿಂಗಳಿಗೊಮ್ಮೆ ನನ್ನ ಹತ್ತಿರವೇ ಬಂದು ಪುಡಿ ಕೊಂಡರು. ನಾನು ತೂಗಿ ಕೊಟ್ಟೆ, ಚೆನ್ನಾಗಿದ್ದೀರಾ ಮೇಡಂ ಎಂದು ಕೇಳಿಯೂ ಕೇಳಿದೆ. ನಾಚಿಕೆಗೆಟ್ಟವನು!

ನನಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಮಾರನೆಯ ದಿನವೇ ಫೋನಿನಲ್ಲಿ ಹುಡುಕಿ ಓದಿದೆ. ಕಾಫಿಯಲ್ಲಿರುವ ಕೆಫೀನ್ ಬೆಕ್ಕಿನ ಸಣ್ಣ ಮೈಗೆ ವಿಷ. ಡಿಕಾಕ್ಷನ್ ಮಾತ್ರವಲ್ಲ, ಪುಡಿ, ಬೀಜ, ಫಿಲ್ಟರಿನಲ್ಲಿ ಉಳಿದ ಚರಟ, ಗಿಡದ ಎಲೆ, ಹಣ್ಣು, ಎಲ್ಲವೂ. ಎದೆ ಬಡಿತ, ನಡುಕ, ಸೆಟೆದುಕೊಳ್ಳುವುದು — ನಾನು ಕಣ್ಣಾರೆ ಕಂಡದ್ದನ್ನೇ ಅಲ್ಲಿ ಬರೆದಿದ್ದರು. ಓದಿ ಮುಗಿಸಿ, ಮನೆಯವರು ನೋಡಬಾರದೆಂದು ಹುಡುಕಿದ್ದನ್ನು ಅಳಿಸಿದೆ. ಅಂಗಡಿ ಮುಂದೆ ಅಂದಕ್ಕೆಂದು ಕುಂಡದಲ್ಲಿ ಬೆಳೆಸಿದ್ದ ಕಾಫಿ ಗಿಡವನ್ನು ತೆಗೆಯಲೂ ಇಲ್ಲ. ಬೀದಿಯ ಬೆಕ್ಕುಗಳು ಅದರ ಬುಡದಲ್ಲಿ ಮಲಗುತ್ತಿದ್ದವು. ತೆಗೆದರೆ ಯಾಕೆಂದು ಯಾರಾದರೂ ಕೇಳುತ್ತಾರಲ್ಲ!

ಹೋದ ತಿಂಗಳು ಸೆಲ್ವಿ ಅದೇ ಬುಟ್ಟಿ ಹಿಡಿದು ಬಂದಳು. ಒಳಗೆ ಬೇರೆ ಬೆಕ್ಕು, ತುಂಬು ಬಸುರಿ. ಹಿಂದಿನ ದಿನದಿಂದ ನೋವು ತಿನ್ನುತ್ತಿದೆ, ಮರಿ ಬರುತ್ತಿಲ್ಲ, ಸೋತು ಕಣ್ಣು ಮುಚ್ಚುತ್ತಿದೆ. ತಂಗಂ ಸತ್ತ ಮೇಲೆ ಯಾವ ಡಾಕ್ಟರ ಬಾಗಿಲನ್ನೂ ಅವಳು ತುಳಿದಿರಲಿಲ್ಲ. ಕೈಯಲ್ಲೊಂದು ಲೋಟ ಬೇರೆ ತಂದಿದ್ದಳು.

"ಅಣ್ಣಾ, ಬೇಗ ಒಸಿ ಡಿಕಾಕ್ಷನ್ ಕೊಡಿ. ಅವತ್ತು ನೀವೇ ಏಳಿದ್ರಲ್ಲ. ಆಗ ಕೊಡ್ಬ್ಯಾಡಿ ಅಂದು ನಾನೇ ತಂಗಂನ ಸಾಯಿಸ್ಕೊಂಡೆ. ಈ ಸಲ ಆ ತಪ್ಪು ಮಾಡಲ್ಲ."

ಮೂರು ವರ್ಷ ಅವಳು ತನ್ನನ್ನೇ ಬೈದುಕೊಂಡಿದ್ದಾಳೆ. ನಾನು ಮಾಡಿದ್ದಕ್ಕೆ!

"ಬ್ಯಾಡ ಸೆಲ್ವಿ. ಕಾಫಿ ಕೊಟ್ರೆ ಸಾಯ್ತದೆ. ತಂಗಂಗೆ ನಾನು ಕೊಟ್ಟಿದ್ದೆ. ಅದಕ್ಕೇ ಸತ್ತಿದ್ದು" ಅಂದೆ.

ಅವಳು ಲೋಟವನ್ನು ಗಲ್ಲಾದ ಮೇಲೆ ಇಟ್ಟಳು. ಬುಟ್ಟಿ ಎತ್ತಿಕೊಂಡು ಎಂಟು ಬಾಗಿಲು ಆಚೆಗೆ ನಡೆದಳು. ಅಂಗಡಿ ಹಾಗೇ ಬಿಟ್ಟು ಹಿಂದೆ ಹೋದೆ.

ಡಾಕ್ಟರಮ್ಮ ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿ, ಹೊಟ್ಟೆ ಮುಟ್ಟುತ್ತಾ, ತಲೆಯೆತ್ತದೆ ಕೇಳಿದರು: "ಏನಾದರೂ ಕುಡಿಸಿದಿರಾ?"

"ಇವತ್ತು ಇಲ್ಲ ಮೇಡಂ" ಅಂದೆ. "ಅವತ್ತು ಕುಡಿಸಿದ್ದೆ. ಒಂದು ಲೋಟ ಡಿಕಾಕ್ಷನ್."

ಆಗ ತಲೆಯೆತ್ತಿದರು. ನನ್ನನ್ನು ನೋಡಿದ ಆ ನೋಟವನ್ನು ಬರೆಯಲು ನನ್ನಿಂದ ಆಗದು. "ಹೊರಗೆ ಕೂತಿರಿ" ಅಂದರು ಅಷ್ಟೇ. ಬೆಕ್ಕು ಕಾಯುತ್ತಿತ್ತು.

ಹೊರಗೆ ಆ ಬೆಂಚು ಖಾಲಿಯಿತ್ತು, ನಾನು ಖಾಲಿ ಮಾಡಿಸಿದ ಬೆಂಚು. ಅದರ ಮೇಲೆ ಕೂತೆ. ಒಳಗಿಂದ ಬಹಳ ಹೊತ್ತಿನ ಮೇಲೆ ಮರಿಯ ಸಣ್ಣ ದನಿ ಕೇಳಿತು. ಸೆಲ್ವಿ ತಾಯಿ-ಮರಿಗಳ ಬುಟ್ಟಿ ಹಿಡಿದು ಹೊರಬಂದು ನನ್ನ ಮುಂದೆಯೇ ಹಾದುಹೋದಳು, ಅಣ್ಣಾ ಅನ್ನಲಿಲ್ಲ. ಇನ್ನು ಅನ್ನುವುದೂ ಇಲ್ಲ. ಬೀದಿಯಲ್ಲಿ ಹೋಗುವವರು, ಏನು, ಅಂಗಡಿ ಬಿಟ್ಟು ಇಲ್ಲಿ ಕೂತಿದ್ದೀರಿ ಎಂದು ವಿಚಾರಿಸಿದರು. ಕೇಳಿದವರಿಗೆಲ್ಲ ಅಲ್ಲೇ ಕೂತು ಹೇಳಿದೆ. ಕೇಳದೆ ಹೋದವರಿಗಾಗಿ ಇದನ್ನು ಬರೆದಿದ್ದೇನೆ.