ಎರಡು ಸಲ ಹಾರಿದ ರಾಜ

ಆರ್‌ಪಿಸಿ ಲೇಔಟಿನ ಕುಸುಮಾ ಕೆಂಗೇರಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಮಾತು ಕಮ್ಮಿ, ಹಟ ಜಾಸ್ತಿ. ಮಿಕ್ಸಿ ಕೆಟ್ಟರೆ ಅಂಗಡಿಗೆ ಒಯ್ಯುವ ಗಂಡ ಮಧುಕುಮಾರನನ್ನು ತಡೆದು ತಾನೇ ಬಿಚ್ಚಿಕೊಂಡು ಕೂರುವ ಪೈಕಿ. ಅಂಥವಳು ಚೆಸ್ ಆಡುವ ಪ್ರೋಗ್ರಾಂ ಬರೆಯಲು ಕೂತದ್ದು ಹೆಸರಿಗಾಗಿ ಅಲ್ಲ, ಮಾವ ಬೈರಪ್ಪನವರಿಗಾಗಿ.

ಬೈರಪ್ಪನವರು ಹೊಸಹಳ್ಳಿಯ ಹಳೇ ಕುಳ. ಹೊಲಗಳೆಲ್ಲ ಸೈಟುಗಳಾದ ಮೇಲೂ ಅವರು ಬಿಡದೆ ಉಳಿಸಿಕೊಂಡದ್ದು ಅರಳಿಕಟ್ಟೆಯ ಚದುರಂಗ. ಅದರ ಕ್ರಮವೇ ಬೇರೆ. ಕಾಲಾಳು ಎಂದೂ ಎರಡು ಮನೆ ಓಡುವಂತಿಲ್ಲ; ರಾಜ ಮಾತ್ರ ಇಡೀ ಆಟದಲ್ಲಿ ಒಂದೇ ಸಲ ಕುದುರೆಯ ಹಾಗೆ ಹಾರಬಹುದು. ಎದುರಾಳಿ ಬಿನ್ನಿಪೇಟೆಯ ಗಿರಣಿಯಲ್ಲಿ ದುಡಿದ ಬಸಪ್ಪ. ಒಮ್ಮೆ ಹಾರಿದ್ದನ್ನು ಮರೆತು ಮತ್ತೆ ಹಾರಿಸುವುದು, ಕೇಳಿದರೆ "ಎಲ್ಲಿ ಹಾರಿದ್ದೆ?" ಎಂದು ವಾದಕ್ಕಿಳಿಯುವುದು ಆತನ ಚಾಳಿ. ಜಗಳ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಟೀ ಕುಡಿಯುತ್ತಿದ್ದರು. ಹೋದ ವರ್ಷ ಬಸಪ್ಪ ತೀರಿಕೊಂಡ. ಪಾರ್ಕಿನಲ್ಲಿ ಆಡುವವರಿಗೆ ಆ ಕ್ರಮ ಗೊತ್ತಿಲ್ಲ, ಬೈರಪ್ಪನವರಿಗೆ ಹೊಸ ಕ್ರಮ ಬೇಕಿಲ್ಲ. ಹಲಗೆ ಅಟ್ಟ ಸೇರಿತು. ಮಾವ ಮಾತು ಬಿಟ್ಟು, ತಟ್ಟೆಯಲ್ಲಿ ಅನ್ನ ಬಿಟ್ಟು ಏಳತೊಡಗಿದಾಗ ಕುಸುಮಾಗೆ ನಿಜಕ್ಕೂ ಹೆದರಿಕೆಯಾಯಿತು.

ಮೊದಲ ಪ್ರಯತ್ನ ನೆಲ ಕಚ್ಚಿತು. ಎಂಟು ನಡೆ ಮುಂದೆ ನೋಡಿಯೇ ಉತ್ತರ ಕೊಡಬೇಕು ಎಂದು ಆಕೆ ಕಟ್ಟಪ್ಪಣೆ ಮಾಡಿದ್ದಳು. ಆಟದ ನಡುವೆ ದಾರಿಗಳು ಕವಲೊಡೆದು ಹಳೇ ಲ್ಯಾಪ್‌ಟಾಪು ಏದುಸಿರು ಬಿಟ್ಟು ನಿಂತೇ ಹೋಯಿತು. "ನಿನ್ ಮಿಷಿನ್ನು ನಿದ್ದೆ ಹೊಡೀತದೆ ಕಣವ್ವ" ಎಂದು ಮಾವ ಎದ್ದು ಹೋದರು.

ಕುಸುಮಾ ವರಸೆ ಬದಲಿಸಿದಳು. ಮೊದಲು ಒಂದು ನಡೆಯ ಆಳ ನೋಡು, ಹೊತ್ತಿದ್ದರೆ ಎರಡು, ಆಮೇಲೆ ಮೂರು. ಹೊತ್ತು ಮುಗಿದರೆ ಕೈಯಲ್ಲಿರುವ ಒಳ್ಳೆಯ ನಡೆಯನ್ನೇ ಆಡು. ಒಮ್ಮೆ ಲೆಕ್ಕ ಹಾಕಿದ್ದನ್ನು ಮತ್ತೆ ಹಾಕದಂತೆ ನೆನಪಿಟ್ಟುಕೊಳ್ಳಲು ಒಂದಿಷ್ಟು ಮೆಮೊರಿಯನ್ನೂ ಕೊಟ್ಟಳು. ಅದು ತುಂಬಿದರೆ ಹಳೆಯದು ಹೊರಗೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂಬುದು ಯಂತ್ರಕ್ಕೂ ಸಲ್ಲುವ ಮಾತು.

ಈ ಸಲ ಆಟ ಸರಾಗವಾಗಿ ಸಾಗಿತು. ಕೊನೆಕೊನೆಗೆ ಯಂತ್ರದ ರಾಜ ಟಣ್ಣನೆ ಕುದುರೆಯಂತೆ ಹಾರಿದ. ಆಗಲೇ ಒಮ್ಮೆ ಹಾರಿ ಆಗಿತ್ತು.

"ಏಯ್, ಎರಡನೇ ಸಲ! ಇದೂ ಬಸಪ್ಪನ ತಮ್ಮನೇ ಸರಿ!" ಬೈರಪ್ಪನವರು ತೊಡೆ ತಟ್ಟಿ ನಕ್ಕರು. ಬಸಪ್ಪ ಹೋದ ಮೇಲೆ ಆ ಮನೆಯಲ್ಲಿ ಕೇಳಿಸಿದ ಅವರ ಮೊದಲ ನಗು ಅದು.

ಕುಸುಮಾಗೆ ಮಾತ್ರ ನಾಚಿಕೆಯಾಯಿತು. ಯಾವ ಕಾಯಿ ಯಾವ ಮನೆಯಲ್ಲಿದೆ ಎಂದು ಯಂತ್ರ ನೆನಪಿಟ್ಟಿತ್ತೇ ಹೊರತು, ರಾಜ ಹಾರಿದ್ದಾನೋ ಇಲ್ಲವೋ ಎಂಬುದನ್ನಲ್ಲ. ಹಾರಿದ ರಾಜ ನಡೆದು ಹಳೇ ಮನೆಗೆ ಮರಳಿದ್ದ, ಉಳಿದ ಕಾಯಿಗಳೂ ಆಗಿನ ಮನೆಗಳಲ್ಲೇ ಇದ್ದವು. ಹಲಗೆ ಮೊದಲಿನಂತೆಯೇ ಕಂಡಿತು. ಯಂತ್ರ ಮೊದಲಿನ ನಡೆಯನ್ನೇ ತೆಗೆದು ಆಡಿತು.

ಮಾರನೇ ದಿನ ಕಾಲೇಜಿನಿಂದ ಬಂದವಳೇ ಅದನ್ನು ಸರಿಪಡಿಸಿದಳು. ಯಂತ್ರ ಧರ್ಮರಾಯನಂತೆ ಆಡಿ ಮಾವನನ್ನು ಸೋಲಿಸಿತು. ಅವರು ಲ್ಯಾಪ್‌ಟಾಪು ಮುಚ್ಚಿದರು.

"ಚೆನ್ನಾಗ್ ಆಡ್ತದೆ ಕಣವ್ವ. ಆದ್ರೆ ಜಗಳಾನೇ ಆಡಲ್ವಲ್ಲ."

"ನಿನ್ನೆ ಎರಡು ಸಲ ಹಾರಿದ್ದನ್ನೇ ಮತ್ತೆ ಹಾಕ್ಲಾ ಮಾವ?"

"ಬ್ಯಾಡ. ಅದು ತಪ್ಪು ಮಾಡ್ತದೆ ಅಷ್ಟೆ. ವಾದ ಮಾಡಕ್ಕೆ ಬರಲ್ಲ ಅದಕ್ಕೆ."

ಕುಸುಮಾ ಸ್ಟೂಲು ಹತ್ತಿ ಅಟ್ಟದಿಂದ ಹಲಗೆ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಮಾವನ ಎದುರಿಗೆ ಕೂತಳು. ತೊಡೆಯ ಮೇಲೆ ಲ್ಯಾಪ್‌ಟಾಪು. ಅದು ಹೇಳಿದ ನಡೆಯನ್ನು ಹಲಗೆಯ ಮೇಲೆ ಇವಳು ಆಡಿದಳು. ಯಂತ್ರದ ರಾಜ ನ್ಯಾಯವಾಗಿ ಒಮ್ಮೆ ಹಾರಿದ. ಆಟ ಬಿಗಿಯಾದಾಗ ಆಕೆ ಪರದೆಯ ಕಡೆ ನೋಡಲೇ ಇಲ್ಲ. ರಾಜನನ್ನೆತ್ತಿ ಇನ್ನೊಮ್ಮೆ ಹಾರಿಸಿದಳು.

"ಏಯ್ ಕುಸುಮಾ, ನಿನ್ ರಾಜ ಆಗ್ಲೇ ಹಾರಾಯ್ತು!"

"ಎಲ್ಲಿ ಹಾರಿದ್ದೆ ಮಾವ?" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲ, ಮುಖ ಕೆಂಪಗಾಗಿತ್ತು.

ಬೈರಪ್ಪನವರು ಆ ಮುಖವನ್ನೇ ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಪಂಚೆ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

"ಮಧುಗೆ ಟೀ ಇಡಕ್ಕೆ ಹೇಳವ್ವ. ಇದು ಇಷ್ಟಕ್ಕೇ ಮುಗಿಯೋ ಜಗಳ ಅಲ್ಲ."