ಜಗಳದ ದಿನದ ಫೋಟೋ

ಅಮೆರಿಕದ ಸ್ಯಾನ್ ರಮೋನ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನವಳು ಯಾವ ಮಾತಿಗೂ ಕನ್ನಡಕ ಒರೆಸುತ್ತಾ "ಇರ್ಲಿ ಬಿಡಿ ಅಕ್ಕಾ" ಅನ್ನುತ್ತಿದ್ದಳು. ಡೈವೋರ್ಸ್ ಆದಾಗಲೂ ಅಷ್ಟೇ ಅಂದಳು. ಗಂಡನ ಮೂಲಕ ಬಂದಿದ್ದ ಅವಳ ಗ್ರೀನ್ ಕಾರ್ಡು ಎರಡು ವರ್ಷದ ಷರತ್ತಿನದು. ಅದು ಉಳಿಯಬೇಕಾದರೆ, ಮುರಿದುಹೋದ ಮದುವೆ ಬರೀ ಕಾರ್ಡಿಗಾಗಿ ಆದದ್ದಲ್ಲ, ನಿಜವಾದದ್ದೇ ಆಗಿತ್ತೆಂದು ಇಮಿಗ್ರೇಷನ್‌ನವರಿಗೆ ತೋರಿಸಬೇಕಿತ್ತು. ಲಾಯರು ಫೋಟೋಗಳನ್ನು ಕೇಳಿದ್ದರು.

ಅವಳ ಜೊತೆ ಕೂತು, ಅವರಿಬ್ಬರೂ ನಗುತ್ತಿರುವ ಫೋಟೋಗಳನ್ನೇ ನಾನು ಆರಿಸುತ್ತಾ ಹೋದೆ. ಅವಳು ಬೇರೊಂದನ್ನು ತೆಗೆದು ಎಲ್ಲದರ ಮೇಲಿಟ್ಟಳು. ಅದರಲ್ಲಿ ಗಂಡ ಹೆಂಡತಿ ಮುಖ ಊದಿಸಿಕೊಂಡು ಆಚೆಗೊಬ್ಬರು ಈಚೆಗೊಬ್ಬರು ತಿರುಗಿದ್ದರು. ಆದರೂ ಅವಳ ಹ್ಯಾಂಡ್‌ಬ್ಯಾಗು ಅವನ ಹೆಗಲಲ್ಲೇ ಇತ್ತು.

"ಇದ್ಯಾಕೆ?" ಅಂದೆ.

"ಸುಳ್ಳು ಮದುವೆ ಆಗಿದ್ರೆ ಇಷ್ಟು ಜಗಳ ಆಡ್ತಿದ್ವಾ ಅಕ್ಕಾ?"

ಫೋಟೋದಲ್ಲಿನ ಆ ಬ್ಯಾಗಿನ ಮೇಲೆ ಬೆರಳಿಟ್ಟು ತೋರಿಸಿದಳು. ಆವತ್ತು ಮಾತ್ರ "ಇರ್ಲಿ ಬಿಡಿ" ಅನ್ನಲಿಲ್ಲ.