ಸೋಸಿದ ನೀರಿನ ಪಂಚರ್

ಲಡಾಯಿ ದಿನದಾಗ ಹುಕ್ಕೇರಿ ಪ್ಯಾಟ್ಯಾಗ ನಂದೊಂದು ಸೈಕಲ್ ಪಂಚರ್ ಅಂಗಡಿ ಇತ್ತು. ಹೊಸಾ ಟ್ಯೂಬ್ ಎಲ್ಲೂ ಸಿಗ್ತಿರಲಿಲ್ಲ. ಮಂದಿ ಹಳೇ ಟ್ಯೂಬನ್ನ ಕೂಸಿನಂಗ ಅವಚಿಕೊಂಡು ಬರ್ತಿದ್ರು, ನಾ ತೇಪಿ ಮ್ಯಾಲ ತೇಪಿ ಹಚ್ಚಿ ಕಳಸ್ತಿದ್ನಿ. ಚಲೋ ರಬ್ಬರ್ ಎಲ್ಲಾ ಗಿರಾಕಿಗೆ, ಉಳಿದ ಚೂರು-ಪಾರು ನನ್ನ ಸೈಕಲ್ಲಿಗೆ. "ಊರಿಗಿ ಉಪಕಾರಿ, ಮನಿಗಿ ಮಾರಿ" ಅಂತ ನಮ್ಮ ಆಯಿ ಬೈತಿದ್ಲು. ಆಯಿ ಅಂದ್ರ ನಮ್ಮಪ್ಪನ ಅವ್ವ.

ಈ ಆಯಿಗೂ ದಡ್ಡಿ ಅನ್ನೂ ಊರಾಗಿದ್ದ ಆಕಿ ತಂಗಿಗೂ ಬಹಳ ವರ್ಷದಿಂದ ಮಾತಿರಲಿಲ್ಲ. ಜಗಳ ಎದಕ್ಕ ಅಂತೀರಿ? ಊಟಕ್ಕ! ನಾವು ಜೈನರು, ಹೊತ್ತು ಮುಳುಗಿದ ಮ್ಯಾಲ ಬಾಯಿಗಿ ಏನೂ ಹಾಕೂದಿಲ್ಲ. ತಂಗಿ ಮಗನ ಮದಿವ್ಯಾಗ ಬೀಗರು ತಡಾ ಮಾಡಿ ಬಂದ್ರು, ಪಂಕ್ತಿ ಹಾಕೂದ್ರಾಗ ಹೊತ್ತು ಮುಳುಗಿ ಹೋತು. ಆಯಿ ಸಿಟ್ಟಿಲೆ ಎದ್ಲು. "ಉಪವಾಸ ಕೆಡವಾಕ ಕರೆದೀಯೇನ?" ಅಂದ್ಲು. ತಂಗಿ ಏನ್ ಕಡಿಮಿ? "ಹೊತ್ತ ನಾ ಮುಳುಗಿಸೀನೇನು?" ಅಂದ್ಲು. ಮುಗೀತು. ಅಂದಿನಿಂದ ಆಕಿ ಮನಿ ನೀರೂ ಮುಟ್ಟಿರಲಿಲ್ಲ ಆಯಿ.

ಒಂದಿನ ಮುಂಜಾನೆ ದಡ್ಡಿಯಿಂದ ಒಬ್ಬ ಆಳು ಬಂದ. ತಂಗಿಗಿ ಜ್ವರ ಬಂದು ಹಾಸಿಗಿ ಹಿಡದಾಳ, ಗಂಜಿ ಕೊಟ್ರೂ ಒಲ್ಲೆ ಅಂತಾಳ. ಅಕ್ಕ ಬಂದು ಮನ್ಯಾಗ ಉಂಡರ ಅಷ್ಟ ನಾ ಉಣ್ಣತೇನಿ ಅಂತ ಹಟಾ ಹಿಡದಾಳ ಅಂದ. ಆಯಿ ರೊಟ್ಟಿ ಬಡಿಯೂದನ್ನ ಅಲ್ಲೇ ಬಿಟ್ಟು ಎದ್ಲು. "ಇವತ್ತಿನ ತುತ್ತು ನಂದೂ ಅಲ್ಲೇ" ಅಂದ್ಲು.

ದಡ್ಡಿಗಿ ಹೋಗೂ ಬಸ್ ಮೋಟಾರಿನ ದಾರಿ ಕಾದಿದ್ದ ಕಾದಿದ್ದು. ಮಧ್ಯಾಹ್ನ ಸರಿದ್ರೂ ಅದರ ಸುಳಿವಿಲ್ಲ. ಕಡೀಕ ಕ್ಯಾರಿಯರ್ ಮ್ಯಾಲ ಕೌದಿ ಮಡಚಿ ಹಾಕಿ ಆಯಿನ್ನ ಕೂಡ್ರಿಸ್ದ್ನಿ. ಜನ್ಮದಾಗ ಸೈಕಲ್ ಹತ್ತದಾಕಿ, ನನ್ನ ಅಂಗಿ ಜಗ್ಗಿ ಹಿಡಕೊಂಡು, ತಗ್ಗು ಬಂದಾಗೊಮ್ಮೆ "ಅರಿಹಂತಾ!" ಅಂತಿದ್ಲು. ಏರು ಬಂದಾಗ ಮಾತ್ರ "ಜೋರ್ ತುಳಿಯೋ, ಅನ್ನ ತಿಂತೀಯೋ ಇಲ್ಲೋ" ಅಂತ ಬೆನ್ನಿಗಿ ಗುದ್ದೂಕಿ.

ಅರ್ಧಾ ದಾರಿ ದಾಟಿದ್ವಿ. ಹಿಂದಿನ ಗಾಲಿ ಠುಸ್!

ಬೇವಿನ ಗಿಡದ ಬುಡಕ ಕೂತು, ಚೀಲದಾಗಿನ ಸಾಮಾನು ತಗದು ಟೈರ್ ಬಿಚ್ಚಿದ್ನಿ. ಜಾಲಿ ಮುಳ್ಳು ಸಿಕ್ತು, ಕಿತ್ತು ಒಗದ್ನಿ. ಆದ್ರ ಟ್ಯೂಬಿನ ತೂತ ಕಾಣವಲ್ತು. ಗಾಳಿ ತುಂಬಿ ಗಲ್ಲಕ್ಕ ಹಿಡದ್ನಿ, ಹೊಲದ ಗಾಳ್ಯಾಗ ಟ್ಯೂಬಿನ ಗಾಳಿ ತಿಳೀಬೇಕಲ್ಲ! ನೀರಾಗ ಅದ್ದಿ ಗುಳ್ಳಿ ನೋಡೂದೊಂದ ದಾರಿ. ಎರಡು ಹೊಲದಾಚೆ ಬಾವಿ ಇತ್ತು. ಓಡಿ ಹೋಗಿ ಅಲ್ಲಿದ್ದ ರೈತನ ಕಡಿಂದ ಒಂದು ಬಕೀಟು, ಮಣ್ಣು ಹೊರೂ ಕಬ್ಬಿಣದ ಬುಟ್ಟಿ ಇಸ್ಕೊಂಡು ನೀರು ತಂದ್ನಿ. ಟ್ಯೂಬ್ ಅದ್ದಬೇಕು ಅನ್ನೂದ್ರಾಗ ಆಯಿ ನನ್ನ ಕೈ ಹಿಡದ್ಲು.

"ಸೋಸಿಲ್ಲಲ್ಲೋ!"

"ಆಯಿ, ಇದನ್ನ ಕುಡಿಯೂದಿಲ್ಲ, ರಬ್ಬರ್ ಅದ್ದೂದು!"

"ರಬ್ಬರಿಗಿ ಏನಾಗೂದಿಲ್ಲ. ನೀ ಸೊಲೂಷನ್ ಅಂಟಿದ ಕೈಲೆ ಕಲಕಿದ್ರ ನೀರಾಗಿನ ಹುಳ ಸಾಯತಾವ."

ಸೊಂಟದಾಗ ಸಿಗಿಸಿದ್ದ ಬಿಳೀ ಅರಿವಿ ತಗದು, ಬುಟ್ಟಿ ಮ್ಯಾಲ ಹಾಸಿ, ಸಾವಕಾಶ ಸೋಸಾಕ ಕೂತ್ಲು ನೋಡ್ರಿ! ಹೊತ್ತು ಇಳೀಲಿಕ್ಕತ್ತಿತ್ತು. ನನ್ನ ತಲಿ ಕಾದು ಹಂಚಾಗಿತ್ತು. ಹಲ್ಲು ಕಚ್ಚಿ ಕೂತ್ನಿ. ಕಡೀಕ ಟ್ಯೂಬ್ ಅದ್ದಿದ್ನಿ, ಹಳೇ ತೇಪಿ ಬಾಜೂಕ ಬುಳುಬುಳು ಗುಳ್ಳಿ ಬಂದ್ವು. ಒರಸಿ, ಕಾನಸಿನಿಂದ ಒರಟಾಗೂವಂಗ ತಿಕ್ಕಿ, ಅಂಟಿನ ಸೊಲೂಷನ್ ಹಚ್ಚಿ, ಅದು ಒಣಗೂತನಕ ಊದಿ, ತೇಪಿ ಒತ್ತಿದ್ನಿ. ಟೈರ್ ಏರಿಸಿ, ಗಾಳಿ ಹೊಡದು, "ಹತ್ತು ಆಯಿ" ಅಂದ್ನಿ. ಆಯಿ ಎಲ್ಲಿ? ಸಂಗಡ ತಂದಿದ್ದ ತಂಬಿಗಿ ಹಿಡಕೊಂಡು ಬಾವಿ ಕಡೆ ಹೊಂಟಾಳ!

ಅರಿವ್ಯಾಗ ಉಳದದ್ದನ್ನ ತಂಬಿಗ್ಯಾಗ ತೊಳದು, ತಂದ ಬಾವಿಗೇ ಹೊಳ್ಳಿ ಬಿಡಬೇಕಂತ. ನಮ್ಮ ಮನಿ ಪದ್ಧತೀನ ಅದು, ನನಗೇನು ಗೊತ್ತಿಲ್ಲಂತಲ್ಲ. ಆದ್ರ ಅವತ್ತ ತಡೀಲಿಲ್ಲ. "ಹುಳದ ಚಿಂತಿ ಐತಿ, ಅಲ್ಲಿ ತಂಗಿ ಸಾಯಾಕತ್ತಾಳಲ್ಲ, ಆಕಿ ಚಿಂತಿ ಇಲ್ಲೇನು?" ಅಂತ ಒದರಿದ್ನಿ.

ಆಯಿ ಹೊಳ್ಳಿ ನಿಂತ್ಲು. ಕಣ್ಣಾಗ ನೀರಿತ್ತು. "ಅವಕ್ಕೂ ಒಂದು ಮನಿ ಇರತೈತಿ, ತಮ್ಮಾ. ಬ್ಯಾರೇ ಕಡೆ ಚೆಲ್ಲಿದ್ರ ಬದುಕೂದಿಲ್ಲ."

ನಾನ ತಂಬಿಗಿ ಕಸ್ಕೊಂಡು ಓಡಿದ್ನಿ. ಬಕೀಟು-ಬುಟ್ಟಿ ಕೊಟ್ಟು, ತಂಬಿಗ್ಯಾಗಿನ ನೀರು ಬಾವಿಗಿ ಬಿಟ್ಟು, ಓಡಿ ಬಂದು ಪೆಡಲ್ ತುಳದ್ನಿ. ಆಮ್ಯಾಲ ಆಯಿ ಒಮ್ಮೆನೂ ಬೆನ್ನಿಗಿ ಗುದ್ದಲಿಲ್ಲ. ನನಗ ಅದ ಹೆಚ್ಚು ಸಂಕಟ ಆತು.

ದಡ್ಡಿ ಓಣ್ಯಾಗ ಹೊಕ್ಕಾಗ ನೆರಳು ಗ್ವಾಡಿ ಏರಿತ್ತು. ಮನಿ ಮುಂದ ಇಳದಾಕಿನ ಆಯಿ ಪಡುವಣಕ್ಕ ನೋಡಿದ್ಲು. ಎದುರು ಮನಿ ಹಿಂದ ಹೊತ್ತು ಕಾಣವಲ್ತು.

"ಮುಳುಗೇತಿ" ಅಂದ್ಲು. ಅಲ್ಲೇ ಕಟ್ಟಿ ಮ್ಯಾಲ ಕುಸದ್ಲು. "ಮತ್ತ ಹಂಗ ಆತಲ್ಲೋ. ಜ್ವರದಾಗ ಉಪವಾಸ ಮಲಗತಾಳ ಆಕಿ."

ನಾ ಸೈಕಲ್ ಗ್ವಾಡಿಗಿ ಆನಿಸಿದ್ನಿ. ಆವಾಗ ಮ್ಯಾಲಿಂದ ಒಂದು ಸಣ್ಣ ದನಿ ಬಂತು.

"ಅಕ್ಕಾ, ಮಾಳಿಗಿಗಿ ಬಾ. ಇಲ್ಲಿ ಇನ್ನೂ ಹೊತ್ತೈತಿ."

ಆಯಿ ನಿಚ್ಚಣಿಕಿ ಏರಿದ್ದನ್ನ ನೋಡಬೇಕಿತ್ರಿ, ಹರೇದ ಹುಡುಗ್ಯಾರೂ ಹಂಗ ಏರೂದಿಲ್ಲ! ಹಿಂದ ನಾನೂ ಏರಿದ್ನಿ. ಓಣ್ಯಾಗಿನ ಬಿಸಲು ಸರಿದಂಗ ತಂಗಿ ತನ್ನ ಮಗನ ಬೆನ್ನ ಮ್ಯಾಲ ಮಾಳಿಗಿ ಏರಿದ್ಲಂತ. ಕಂಬಳಿ ಹೊದ್ದು, ಅಂಚಿನ ಗ್ವಾಡಿಗಿ ಬೆನ್ನು ಹಚ್ಚಿ ಕೂತಿದ್ಲು. ಮುಂದ ತಾಟು, ತಾಟಿನಾಗ ಗೋದಿ ಹುಗ್ಗಿ. ದೂರ ಗುಡ್ಡದ ಮ್ಯಾಲ ಹೊತ್ತಿನ ಕೆಂಪನೆ ಒಂದು ಅಂಚು ಅಷ್ಟ ಉಳದಿತ್ತು.

ಆಯಿ ತಾಟಿಗಿ ಕೈ ಹಾಕಿದ್ಲು. ಒಂದು ತುತ್ತು ತನ್ನ ಬಾಯಿಗಿ, ಒಂದು ತುತ್ತು ತಂಗಿ ಬಾಯಿಗಿ. ಇಬ್ಬರೂ ಗುಟುಕು ನೀರು ಕುಡದ್ರು. ಎರಡನೇ ತುತ್ತಿಗಿ ಹೊತ್ತು ಇರಲಿಲ್ಲ.

ಸೆರಗಿಲೆ ಬಾಯಿ ಒರಸಿಕೊಂಡು ಆಯಿ ಅಂದ್ಲು, "ಬೆಲ್ಲ ಕಡಿಮಿ ಆಗೇತಿ."

"ನಾಳಿ ಜಾಸ್ತಿ ಹಾಕಸ್ತೇನಿ" ಅಂದ್ಲು ತಂಗಿ. "ಇರತಿ ಹೌದಲ್ಲ?"

"ಇರಲಾರದ ಏನ್ ಮಾಡ್ಲಿ? ಇವನ ಸೈಕಲ್ ಮ್ಯಾಲ ಮತ್ತ ಯಾರ್ ಕೂಡತಾರ?" ಅಂದ್ಲು ಆಯಿ, ತಂಗಿ ಕಂಬಳಿ ಸರಿ ಮಾಡಕೋತ.